ನೂರಾ ತೊಂಬತ್ತೊಂದು ಎಸೆತ

ಬೊಂಗ್ ಚಿಲ್‌ಸಂಗ್ ಹುಳಿ ಬಂದ ಹೊಂಗೊ ಮೀನಿನ ತುಂಡೊಂದನ್ನು ಊಟದ ಕಡ್ಡಿಗಳ ನಡುವೆ ಎತ್ತಿ ಹಿಡಿದವನು, ಅದನ್ನು ಬಾಯಿಗೆ ಹಾಕಿಕೊಳ್ಳಲು ಮರೆತು ಎದುರಿಗೆ ಕೂತವನ ಮೂಗಿನ ಮುಂದೆ ಆಡಿಸುತ್ತಿದ್ದ.

"ನೂರಾ ಎಂಬತ್ತೇಳು ಇನಿಂಗ್ಸ್ ಎಸೆದಿದಾನೆ ಕಣೋ ಆ ಹೊಸ ಪಿಚರ್, ಒಂದೇ ಸೀಸನ್ನಲ್ಲಿ. ಮೊಣಕೈ ಕೆಟ್ಟೋನು ಅಷ್ಟು ಎಸೀತಾನೇನೋ?"

"ಅಷ್ಟು ಎಸೆದ ಮೇಲೆ ಕೆಡದೆ ಇರತ್ತೇನೋ?" ಅಂದ ಗುಕ್ ಯಂಗ್‌ತೆ. "ಮೂರು ವರ್ಷದ ಹಿಂದೆ ಒಂದ್ಸಲ ಕೊಯ್ಸಿಕೊಂಡಿರೋ ಕೈ ಅದು. ಇಲ್ದಿದ್ರೆ ಅವನ ಹಳೇ ಟೀಮ್‌ನೋರು ಸುಮ್ನೆ ಬಿಟ್ಕೊಡ್ತಿದ್ರಾ? ಮುದಿ ಎತ್ತಿನ ಕೊಂಬಿಗೆ ಎಣ್ಣೆ ಸವರಿ ಸಂತೆಗೆ ಬಿಟ್ರು, ನಮ್ಮೋರು ಓಡಿಹೋಗಿ ಹಗ್ಗ ಹಿಡ್ಕೊಂಡ್ರು. ಅದೂ ನಾಲ್ಕು ವರ್ಷಕ್ಕೆ."

"ನೀನು ಜನರ ತಲೆಗೂದಲು ಕತ್ತರಿಸೋನು. ಮೊಣಕೈ ವಿಷಯ ನಿಂಗೇನು ಗೊತ್ತು?"

"ನೀನು ಮೀನು ಹರಾಜು ಕೂಗೋನು. ನಿಂಗೇನು ಗೊತ್ತು?"

ಮೊಕ್ಪೊ ಬಂದರಿನ ಹತ್ತಿರದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಶವಸಂಸ್ಕಾರದ ಮೂರನೇ ಕೋಣೆಯಲ್ಲಿ, ಬಂದವರಿಗೆ ಊಟ ಬಡಿಸುವ ತಗ್ಗು ಮೇಜಿನ ಮುಂದೆ ಇಬ್ಬರೂ ಕಾಲು ಮಡಚಿ ಕೂತಿದ್ದರು. ಬೆಳಗಿನ ಎಂಟು ಗಂಟೆ. ಪ್ಯೊ ಮಾನ್‌ಹೊ ತೀರಿಕೊಂಡು ಮೂರನೇ ದಿನ. ಹನ್ನೊಂದಕ್ಕೆ ಪೆಟ್ಟಿಗೆ ಹೊರಡಬೇಕು. ಪಕ್ಕದ ಕೋಣೆಯಲ್ಲಿ ಬಿಳಿ ಸೇವಂತಿಗೆಯ ರಾಶಿಯ ನಡುವೆ ಅವನ ಪಟವಿತ್ತು. ಮೊಕ್ಪೊ ಕ್ರೇನ್ಸ್ ತಂಡದ ನೀಲಿ ಟೋಪಿ ಹಾಕಿಕೊಂಡಿದ್ದ ಆ ಪಟ ಬಿಟ್ಟರೆ ಅವನು ನಗುತ್ತಿದ್ದ ಬೇರೆ ಪಟ ಮನೆಯಲ್ಲಿ ಸಿಕ್ಕಿರಲಿಲ್ಲ.

ಡಿಸೆಂಬರಿನಲ್ಲಿ ಬೇಸ್‌ಬಾಲ್ ಆಟವಿರುವುದಿಲ್ಲ. ಯಾರನ್ನು ತಂದರು, ಯಾರನ್ನು ಬಿಟ್ಟರು, ಯಾರ ಭುಜಕ್ಕೆ ಏನಾಗಿದೆ ಎಂಬ ಮಾತು ಮಾತ್ರ ಇರುತ್ತದೆ. ಈ ಸಲ ಕ್ರೇನ್ಸ್‌ನವರು ಚಾ ಮುಗ್ಯೊಲ್ ಎಂಬ ಮೂವತ್ತೊಂದರ ಪಿಚರ್‌ನನ್ನು ಕರೆತಂದಿದ್ದರು. ಅವನಿಗೆ ಬದಲಾಗಿ ಊರಿನವನೇ ಆದ ಎಡಗೈ ಹುಡುಗನೊಬ್ಬನನ್ನು ಬಿಟ್ಟುಕೊಟ್ಟಿದ್ದರು. ಸುದ್ದಿ ಬಂದಾಗ ಮಾನ್‌ಹೊ ಆಸ್ಪತ್ರೆಯಲ್ಲಿ ಮಲಗಿದ್ದ. ಗೆಳೆಯರು ಒಬ್ಬೊಬ್ಬರಾಗಿ ಹೋಗಿ ಅವನ ಹಾಸಿಗೆಯ ಪಕ್ಕ ಕೂತು ವಾದ ಮಾಡಿ ಬಂದಿದ್ದರು. ಹಾಗಾಗಿ ಸತ್ತವನು ಯಾರ ಪರ ಇದ್ದ ಎನ್ನುವುದೂ ಈಗ ವಾದದ ವಿಷಯವಾಗಿತ್ತು.

"ಮಾನ್‌ಹೊ ನನ್ನ ಹತ್ರ ಬಾಯ್ಬಿಟ್ಟು ಹೇಳಿದಾನೆ," ಅಂದ ಬೊಂಗ್. "ಒಳ್ಳೇ ಕೆಲಸ ಆಯ್ತು ಅಂದ."

"ಅವನು ನೋವಿನ ಔಷಧಿ ಕುಡಿದಿದ್ದ. ನಿನ್ನ ಮುಖ ನೋಡಿದ್ರೆ ಸಾಕು, ಆರೋಗ್ಯ ಇರೋರೂ ಹೂಂ ಅಂದು ಕಳಿಸ್ತಾರೆ."

ಮಾನ್‌ಹೊನ ಹೆಂಡತಿ ಸುನಿಮ್ ಖಾರದ ಸಾರಿನ ಬಟ್ಟಲುಗಳನ್ನು ತಂದು ಇಟ್ಟಳು. ಎರಡು ದಿನ ನಿದ್ದೆಯಿಲ್ಲದೆ ಅವಳ ಕಣ್ಣು ಊದಿಕೊಂಡಿತ್ತು. ಯಂಗ್‌ತೆಗೆ ನಾಚಿಕೆಯಾಗಿ, "ಅತ್ತಿಗೆ, ತಪ್ಪು ತಿಳೀಬೇಡಿ. ಇಂಥ ಜಾಗದಲ್ಲೂ..." ಎಂದು ತಡವರಿಸಿದ.

"ಮಾತಾಡಿ," ಅಂದಳು ಅವಳು. "ಬಂದೋರೆಲ್ಲ ಪಿಸುಪಿಸು ಅಂತಾರೆ. ಆ ಪಿಸುಪಿಸು ಕೇಳಿ ನಮ್ಮನೆಯೋರಿಗೂ ಬೇಜಾರಾಗಿರತ್ತೆ."

ಮೂಲೆಯಲ್ಲಿ ಕೂತಿದ್ದ ಮೂರನೇ ಗೆಳೆಯ ಮಾ ದೊಕ್‌ಸು ಮಾತ್ರ ಒಂದು ಮಾತೂ ಆಡಿರಲಿಲ್ಲ. ಟ್ಯಾಕ್ಸಿ ಓಡಿಸಿ ನಿವೃತ್ತನಾದ ಅವನು ಹೈಸ್ಕೂಲಿನಲ್ಲಿ ಮಾನ್‌ಹೊನ ಕ್ಯಾಚರ್ ಆಗಿದ್ದ. ಮಾನ್‌ಹೊ ಎಸೆದ ಒಂದೊಂದು ಚೆಂಡನ್ನೂ ಹಿಡಿದವನು ಅವನೇ.

*

ಹಿಂದಿನ ದಿನ ಮಧ್ಯಾಹ್ನ ಹೆಣವನ್ನು ಪೆಟ್ಟಿಗೆಯಲ್ಲಿ ಇಡುವಾಗ ಗಾಜಿನ ಆಚೆ ಸುನಿಮ್, ಮಗಳು ದಾಉನ್ ಮತ್ತು ದೊಕ್‌ಸು ನಿಂತಿದ್ದರು. ತೊಳೆದು, ಸೆಣಬಿನ ಬಟ್ಟೆ ಉಡಿಸಿದ ಮೇಲೆ ಕೈಗಳನ್ನು ಪಕ್ಕಕ್ಕೆ ನೇರವಾಗಿ ಜೋಡಿಸಬೇಕು. ಎಡಗೈ ಸರಿಯಾಗಿ ಕೂತಿತು. ಬಲಗೈ ಮೊಣಕೈಯಲ್ಲಿ ಬಾಗಿಯೇ ಇತ್ತು. ಕೆಲಸದವನು ಮೆಲ್ಲಗೆ ಒತ್ತಿದ. ಇನ್ನೊಬ್ಬ ಬಂದು ಭುಜ ಹಿಡಿದುಕೊಂಡ.

ಸುನಿಮ್ ಗಾಜು ಬಡಿದಳು. "ಬಿಡಿ ಅದನ್ನ. ನಲವತ್ತಮೂರು ವರ್ಷದಿಂದ ಹಾಗೇ ಇದೆ."

ಆ ಕೈಯ ಸುತ್ತ ಮಾನ್‌ಹೊ ಒಂದು ಬದುಕು ಕಟ್ಟಿಕೊಂಡಿದ್ದ. ಹದಿನೆಂಟರಲ್ಲಿ ಚೆಂಡು ಬಿಟ್ಟ ಮೇಲೆ ಎಡಗೈಯಲ್ಲಿ ಅನ್ನ ತಿನ್ನುವುದನ್ನು, ಬರೆಯುವುದನ್ನು, ಪಾನಾ ತಿರುಗಿಸುವುದನ್ನು ಕಲಿತ. ಮನೆಗಳ ನೆಲ ಬೆಚ್ಚಗಿಡುವ ಬಾಯ್ಲರ್‌ಗಳನ್ನು ರಿಪೇರಿ ಮಾಡುವ ಕೆಲಸಕ್ಕೆ ಸೇರಿದ. ಇಕ್ಕಟ್ಟಿನ ಗೂಡುಗಳಲ್ಲಿ ಹೊಟ್ಟೆಯ ಮೇಲೆ ಮಲಗಿ ಕೊಳವೆಯ ಹಿಂದೆ ಕೈ ತೂರಿಸಬೇಕಾದಾಗ ಬಾಗಿದ ಕೈಯೇ ಅನುಕೂಲ ಎಂದು ನಗಿಸುತ್ತಿದ್ದ. ದಾಉನ್ ಹುಟ್ಟಿದಾಗ ಅವಳು ಆ ಬಾಗಿದ ಕೈಯಲ್ಲಿ ಅಳತೆ ತೆಗೆದು ಮಾಡಿಸಿದಂತೆ ಕೂತಿದ್ದಳು. ಸುನಿಮ್ ಮಾರುಕಟ್ಟೆಯಲ್ಲಿ ಪಲ್ಯ, ಉಪ್ಪಿನಕಾಯಿ ಮಾರಿಕೊಂಡು ಬರುವ ತನಕ ಮಗು ಆ ಕೈ ಬಿಟ್ಟು ಇಳಿಯುತ್ತಿರಲಿಲ್ಲ.

ಕ್ರೇನ್ಸ್ ಪಂದ್ಯವಿದ್ದ ದಿನ ಗೆಳೆಯರ ಜೊತೆ ಮೂರನೇ ಬೇಸ್ ಕಡೆಯ ಅಗ್ಗದ ಸೀಟಿನಲ್ಲಿ ಕೂರುತ್ತಿದ್ದ. ಪಿಚರ್ ಒಬ್ಬ ತೊಂಬತ್ತು, ನೂರು ಎಸೆತ ದಾಟಿದರೆ ಎದ್ದು ಹೊರಗೆ ಹೋಗಿ ಸಿಗರೇಟು ಹಚ್ಚುತ್ತಿದ್ದ. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳುವ ಬದಲು ಬೊಂಗ್ ಹೈಸ್ಕೂಲಿನ ತಾಕ್ ಕೋಚ್‌ನನ್ನು ಬೈಯುತ್ತಿದ್ದ. "ಆ ಮುದಿ ರಾಕ್ಷಸ. ನಾಲ್ಕು ದಿನದಲ್ಲಿ ನಾಲ್ಕು ಮ್ಯಾಚು ಎಸೆಸಿದ. ಒಂದು ಕಪ್ಪಿಗೋಸ್ಕರ ಹುಡುಗನ ಕೈ ತಿಂದು ಕೂತ." ಮಾನ್‌ಹೊ ಹಿಂದಿರುಗಿ ಬಂದು ಸುಮ್ಮನೆ ಅವನ ಲೋಟಕ್ಕೆ ಮದ್ಯ ಸುರಿಯುತ್ತಿದ್ದ.

*

ಒಂಬತ್ತರ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮುದುಕ ನಿಂತಿದ್ದ. ದೊಗಲೆ ಕಪ್ಪು ಕೋಟು, ಕೈಯಲ್ಲಿ ಕೋಲು, ಬೂಟಿನ ಅಂಚಿಗೆ ಕೆಂಪು ಮಣ್ಣು. ಬೂಟು ಕಳಚಲು ಬಗ್ಗಿದವನು ಗೋಡೆ ಹಿಡಿದುಕೊಂಡ. ಗಂಡು ಮಕ್ಕಳಿಲ್ಲದ್ದರಿಂದ ಮಗನ ಜಾಗದಲ್ಲಿ ತೋಳಿಗೆ ಸೂತಕದ ಪಟ್ಟಿ ಕಟ್ಟಿಕೊಂಡು ಪಟದ ಪಕ್ಕ ನಿಂತಿದ್ದ ದಾಉನ್ ಅವನನ್ನು ಕಂಡವಳೇ ಓಡಿಬಂದಳು.

"ಗೆಣಸಿನ ತಾತ. ಬಸ್ಸಲ್ಲೇ ಬಂದ್ರಾ? ಒಬ್ರೇನಾ?"

ಬೊಂಗ್ ತಿರುಗಿ ನೋಡಿದ. ನೋಡಿ, ಕಡ್ಡಿಗಳನ್ನು ಮೇಜಿನ ಮೇಲಿಟ್ಟ. ಎದ್ದು ಹೋಗಿ ಬಾಗಿಲಿಗೂ ಪಟದ ಕೋಣೆಗೂ ನಡುವೆ ನಿಂತುಕೊಂಡ.

"ದಾಉನ್, ಇವರು ಯಾರು ಗೊತ್ತೇನಮ್ಮ ನಿಂಗೆ?"

"ಹೇನಮ್ ಊರಿನ ತಾತ. ಗೆಣಸು ಬೆಳೀತಾರೆ. ಅಪ್ಪ ವರ್ಷಾ ವರ್ಷಾ ನವೆಂಬರಲ್ಲಿ ಇವರ ಮನೆ ಬಾಯ್ಲರ್ ನೋಡೋಕೆ ಹೋಗ್ತಿದ್ರು. ಚಿಕ್ಕೋಳಿದ್ದಾಗ ನನ್ನೂ ಕರ್ಕೊಂಡು ಹೋಗ್ತಿದ್ರು. ಅಪ್ಪನ ಫೋನಲ್ಲಿ ನಂಬರ್ ಇತ್ತು, ನಾನೇ ತಿಳಿಸ್ದೆ."

"ಇವರು ತಾಕ್ ಹಿಗ್ವಾನ್. ನಿಮ್ಮಪ್ಪನ ಕೋಚು. ನಿಮ್ಮಪ್ಪನ ಕೈ ಮುರಿದೋರು."

ದಾಉನ್ ಬೊಂಗ್‌ನ ಮುಖವನ್ನೂ ಮುದುಕನ ಮುಖವನ್ನೂ ನೋಡಿದಳು. ತಾಕ್‌ನ ಒಂದು ಬೂಟು ಕಳಚಿತ್ತು, ಇನ್ನೊಂದು ಕಾಲಲ್ಲೇ ಇತ್ತು.

"ಹೋಗಿ ಸಾರ್," ಅಂದ ಬೊಂಗ್. ಧ್ವನಿ ಏರಿಸಲಿಲ್ಲ. ಅದಕ್ಕೇ ಮೇಜುಗಳಲ್ಲಿ ಕೂತವರೆಲ್ಲ ತಿನ್ನುವುದನ್ನು ನಿಲ್ಲಿಸಿದರು. "ಅವನು ಬದುಕಿದ್ದಾಗ ಒಂದು ಮಾತು ಹೇಳ್ಲಿಲ್ಲ ನೀವು. ಈಗ ಬಂದು ಹೂವು ಇಟ್ಟು ಹೋದ್ರೆ ಆಗಿಬಿಡತ್ತಾ?"

"ಅದು ನಿಜ," ಅಂದ ತಾಕ್. "ಒಂದು ಮಾತು ಹೇಳ್ಲಿಲ್ಲ."

ಅಷ್ಟೇ ಹೇಳಿ ಅವನು ಮತ್ತೆ ಬೂಟಿಗೆ ಕಾಲು ತೂರಿಸತೊಡಗಿದ. ಸುನಿಮ್ ಅಡುಗೆಮನೆಯಿಂದ ಕಪ್ಪು ಬಟ್ಟೆಯ ಅಂಚಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಅಣ್ಣ, ಅವರನ್ನ ಬಿಡಿ. ನಂಗೆ ಗೊತ್ತಿತ್ತು ಇವರು ಯಾರು ಅಂತ."

"ಅತ್ತಿಗೆ, ನಿಮಗೆ ಗೊತ್ತಿತ್ತಾ? ನಲವತ್ತು ವರ್ಷ ನಾನು ಇವರನ್ನ ಬೈಕೊಂಡು ಬಂದಿದೀನಿ. ಅವನ ಎದುರಿಗೇ. ಅವನು ಒಂದ್ಸಲ ಬೇಡ ಅನ್ಲಿಲ್ಲ."

"ನೀವು ಬೈಯೋದು ಅವರಿಗೆ ಹಿತವಾಗ್ತಿತ್ತು. ನನ್ನ ಪರ ಕೂಗೋಕೆ ಒಬ್ಬ ಇದಾನೆ ಅಂತಿದ್ರು. ಅಷ್ಟು ಹೇಳಿ, ಮಾರನೇ ದಿನ ಹೇನಮ್‌ಗೆ ಹೋಗೋ ಸಾಮಾನು ಚೀಲಕ್ಕೆ ತುಂಬ್ತಿದ್ರು."

ಬೊಂಗ್‌ನ ಮುಖ ಕೆಂಪಾಯಿತು. ಹೊಡೆಸಿಕೊಂಡವನ ಹಾಗೆ ಅವನು ಅತ್ತಿತ್ತ ನೋಡಿದ. ಆದರೂ ದಾರಿ ಬಿಡಲಿಲ್ಲ. "ಅವನು ಕ್ಷಮಿಸಿರಬಹುದು. ಒಳ್ಳೇವನು ಅವನು. ನಾನು ಒಳ್ಳೇವನಲ್ಲ."

ಆಗ ಮೂಲೆಯಿಂದ ದೊಕ್‌ಸು ಎದ್ದ.

"ಚಿಲ್‌ಸಂಗ್, ಈ ಕಡೆ ಬಾ."

"ನೀನು ಸುಮ್ನಿರು. ಮೂರು ದಿನದಿಂದ ಸುಮ್ನಿದೀಯ, ಇನ್ನೂ ಸ್ವಲ್ಪ ಹೊತ್ತು ಇರು."

"ಮೂರು ದಿನ ಅಲ್ಲ. ನಲವತ್ತಮೂರು ವರ್ಷ ಸುಮ್ನಿದ್ದೆ," ಅಂದ ದೊಕ್‌ಸು. "ಆವತ್ತು ಸಾರ್ ನನ್ನನ್ನ ಕೇಳಿದ್ರು."

*

೧೯೮೧ರ ಆಗಸ್ಟ್. ಸಿಯೋಲ್‌ನ ಮೈದಾನದಲ್ಲಿ ಹೈಸ್ಕೂಲುಗಳ ಫೈನಲ್. ಬಂದರಿನ ಶಾಲೆಯೊಂದು ಅಲ್ಲಿಯ ತನಕ ಹೋದದ್ದು ಅದೇ ಮೊದಲು. ನಾಲ್ಕು ದಿನದಲ್ಲಿ ಮಾನ್‌ಹೊಗೆ ಅದು ನಾಲ್ಕನೇ ಪಂದ್ಯ. ಒಂಬತ್ತು ಇನಿಂಗ್ಸ್ ಮುಗಿದರೂ ಎರಡೂ ಕಡೆ ಸೊನ್ನೆ. ಹತ್ತು ಮುಗಿಯಿತು. ಹನ್ನೊಂದರ ನಡುವೆ ತಾಕ್ ಕೋಚ್ ಪಿಚರ್ ನಿಲ್ಲುವ ದಿಬ್ಬಕ್ಕೆ ನಡೆದು ಬಂದ. ಕ್ಯಾಚರ್ ದೊಕ್‌ಸುವೂ ಮುಖವಾಡ ಮೇಲೆತ್ತಿಕೊಂಡು ಓಡಿಬಂದ.

"ಕೈ ಹೇಗಿದೆ?"

"ಏನೂ ಆಗಿಲ್ಲ ಸಾರ್," ಅಂದ ಮಾನ್‌ಹೊ.

ಕೋಚ್ ಅವನನ್ನು ಬಿಟ್ಟು ದೊಕ್‌ಸುವಿನ ಕಡೆ ತಿರುಗಿದ. "ನೀನು ಹೇಳು. ಚೆಂಡು ಹೇಗೆ ಬರ್ತಿದೆ?"

ಮಾನ್‌ಹೊನ ಚೆಂಡು ಎಂದರೆ ದಪ್ಪ ಗ್ಲೌಸಿನ ಒಳಗೂ ಅಂಗೈ ಚುರುಗುಟ್ಟುತ್ತಿತ್ತು. ಏಳನೇ ಇನಿಂಗ್ಸ್‌ನಿಂದ ಆ ಉರಿ ನಿಂತುಹೋಗಿತ್ತು. ಚೆಂಡು ಬಂದು ಗ್ಲೌಸಿನಲ್ಲಿ ಸುಮ್ಮನೆ ಕೂರುತ್ತಿತ್ತು, ಹಣ್ಣಾಗಿ ಉದುರಿದ ಹಾಗೆ. ಎದುರಾಳಿಗಳೂ ಸುಸ್ತಾಗಿದ್ದರಿಂದ ಅದು ಯಾರಿಗೂ ತಿಳಿದಿರಲಿಲ್ಲ. ತಿಳಿದಿದ್ದವರು ಇಬ್ಬರೇ. ಕೋಚ್‌ನ ಭುಜದ ಮೇಲಿಂದ ಮಾನ್‌ಹೊ ಅವನನ್ನು ನೋಡುತ್ತಿದ್ದ. ಆ ಕಣ್ಣಲ್ಲಿದ್ದದ್ದು ಬೇಡಿಕೆ. ಆದರೆ ದೊಕ್‌ಸುಗೂ ಗೆಲ್ಲಬೇಕಿತ್ತು. ಗೆದ್ದರೆ ಕಾಲೇಜು ತಂಡ ಇಬ್ಬರನ್ನೂ ತೆಗೆದುಕೊಳ್ಳುವ ಮಾತಾಗಿತ್ತು.

"ಚೆನ್ನಾಗಿ ಬರ್ತಿದೆ ಸಾರ್," ಅಂದ.

ಹದಿಮೂರನೆಯದರಲ್ಲಿ ಮೊಕ್ಪೊ ಹುಡುಗರಿಗೆ ಒಂದು ಓಟ ಸಿಕ್ಕಿತು. ಕೊನೆಯ ಆಟಗಾರನಿಗೆ ಮಾನ್‌ಹೊ ಎಸೆದದ್ದು ಆ ದಿನದ ನೂರಾ ತೊಂಬತ್ತೊಂದನೇ ಚೆಂಡು. ಎದುರಾಳಿ ಬೀಸಿ ತಪ್ಪಿದ. ಎಲ್ಲರೂ ದಿಬ್ಬಕ್ಕೆ ನುಗ್ಗಿ ಒಬ್ಬರ ಮೇಲೊಬ್ಬರು ಬಿದ್ದರು. ಆ ಗುಂಪಿನ ಅಡಿಯಲ್ಲಿ ಮಾನ್‌ಹೊ ಬಲಗೈಯನ್ನು ಎದೆಗೆ ಅವುಚಿಕೊಂಡು ಹಲ್ಲು ಕಚ್ಚಿ ಮಲಗಿದ್ದ. ಮೂರು ದಿನದ ಮೇಲೆ ಊರಿನಲ್ಲಿ ಲಾರಿ ಹತ್ತಿಸಿ ಮೆರವಣಿಗೆ ಮಾಡಿದಾಗ ಅವನು ಜನರಿಗೆ ಎಡಗೈ ಬೀಸಿದ.

*

ಕೋಣೆಯಲ್ಲಿ ದೊಕ್‌ಸು ನಿಂತೇ ಇದ್ದ.

"ಆಮೇಲೆ ಆ ಮಾತು ನಾವಿಬ್ರೂ ಎತ್ತಲಿಲ್ಲ. ನೀವೆಲ್ಲ ಸಾರ್‌ನ ಬೈದಾಗ ಬಾಯಿ ಮುಚ್ಕೊಂಡಿದ್ದೆ. ಎತ್ತಿದ್ದು ಒಂದೇ ಸಲ, ಹೋದ ತಿಂಗಳು ಆಸ್ಪತ್ರೆಯಲ್ಲಿ. ಚಾ ಮುಗ್ಯೊಲ್ ಸುದ್ದಿ ಓದಿ ಹೇಳ್ದೆ. ಡಾಕ್ಟ್ರು ಪರೀಕ್ಷೆ ಮಾಡಿದಾರಂತೆ, ಅವನೂ ಕೈ ಚೆನ್ನಾಗಿದೆ ಅಂದಿದಾನಂತೆ ಅಂದೆ. ಮಾನ್‌ಹೊ ನಕ್ಕ. 'ಪಿಚರ್‌ನ ಕೇಳಬಾರದು ಕಣೋ, ಕ್ಯಾಚರ್‌ನ ಕೇಳಬೇಕು ಅಂತಾರೆ. ಅವನನ್ನೂ ಕೇಳಬಾರದು' ಅಂದ."

"ನಕ್ಕನಾ?" ಯಂಗ್‌ತೆ ಮೆಲ್ಲಗೆ ಕೇಳಿದ.

"ನಕ್ಕ. ನಕ್ಕು ಕೆಮ್ಮಿದ. ನರ್ಸ್ ಬಂದು ನನ್ನನ್ನ ಹೊರಗೆ ಕಳಿಸಿದ್ಳು."

ತಾಕ್ ಗೋಡೆಗೆ ಒರಗಿ ಉಸಿರು ತೆಗೆದುಕೊಂಡ.

"ದೊಕ್‌ಸು, ಅದನ್ನ ಹೊತ್ಕೊಂಡು ತಿರುಗ್ಬೇಡ," ಅಂದ. "ಅವನಿಗೆ ಹದಿನೆಂಟು, ನಿಂಗೆ ಹದಿನೆಂಟು. ನಂಗೆ ನಲವತ್ತೆರಡು. ನಾನು ಯಾರನ್ನೂ ಕೇಳೋ ಅಗತ್ಯ ಇರ್ಲಿಲ್ಲ, ಕಣ್ಣಿತ್ತು. ನೋಡಿದ್ದೆ. ನೋಡಿಯೂ ಕೇಳ್ದೆ, ನೀನು ಹೂಂ ಅಂತೀಯ ಅಂತ ಗೊತ್ತಿದ್ದು ಕೇಳ್ದೆ."

ಆಮೇಲೆ ಅವನು ದಾಉನ್ ಕಡೆ ತಿರುಗಿದ. "ಒಂದ್ಸಲ ಜನವರಿಯಲ್ಲಿ ನಮ್ಮನೆ ಬಾಯ್ಲರ್ ಒಡೀತಮ್ಮ. ನೀನಿನ್ನೂ ಕೈಕೂಸು ಆಗ. ಅಂಗಡಿಗೆ ಫೋನ್ ಮಾಡಿದ್ರೆ ನಿಮ್ಮಪ್ಪ ಬಂದು ಬಾಗಿಲಲ್ಲಿ ನಿಂತ. ಇಬ್ರಿಗೂ ಬಾಯಿ ಬರ್ಲಿಲ್ಲ. ಎರಡು ಗಂಟೆ ನೆಲದ ಮೇಲೆ ಮಲಗಿ ಕೆಲಸ ಮಾಡ್ದ. ಸುಟ್ಟ ಗೆಣಸು ಕೊಟ್ಟೆ, ತಿಂದ. 'ಮುಂದಿನ ಸಲ ಚಳಿಗೆ ಮುಂಚೆ ಬರ್ತೀನಿ' ಅಂದ. ಬರ್ತಾನೇ ಇದ್ದ. ಪ್ರತಿ ವರ್ಷ ಹೇಳ್ಬೇಕು ಅಂದ್ಕೋತಿದ್ದೆ. ಅವನು ಕೊಳವೆ ಹಿಂದೆ ಆ ಕೈ ತೂರಿಸೋದು ನೋಡ್ತಾ ಕೂತಿರ್ತಿದ್ದೆ, ಹೇಳ್ತಿರ್ಲಿಲ್ಲ. ಈ ವರ್ಷ ಹೇಳೇಬಿಡೋಣ ಅಂತ ನವೆಂಬರ್ ಪೂರ್ತಿ ಕಾದೆ. ಈ ವರ್ಷ ಬರ್ಲಿಲ್ಲ."

ದಾಉನ್ ಮಂಡಿಯೂರಿ ಕೂತು, ಮುದುಕನ ಕಾಲಲ್ಲಿ ಉಳಿದಿದ್ದ ಬೂಟನ್ನು ಕಳಚಿ ಪಕ್ಕಕ್ಕಿಟ್ಟಳು.

ಬೊಂಗ್ ದಾರಿ ಬಿಟ್ಟ.

ಹಿರಿಯರು ಕಿರಿಯರ ಹೆಣಕ್ಕೆ ನಮಸ್ಕಾರ ಮಾಡುವ ಪದ್ಧತಿಯಿಲ್ಲ. ನಿಂತು ತಲೆ ಬಾಗಿಸಿದರೆ ಸಾಕು. ತಾಕ್ ಊದುಬತ್ತಿ ಹಚ್ಚಿದ, ಕೋಲನ್ನು ನೆಲಕ್ಕಿಟ್ಟ. ನೀಲಿ ಟೋಪಿಯ ಪಟದ ಎದುರು ಒಂದೊಂದೇ ಮಂಡಿ ಮಡಚಿ, ಹಣೆ ಚಾಪೆಗೆ ತಾಗುವ ಹಾಗೆ ಬಗ್ಗಿದ. ಏಳಲಾಗಲಿಲ್ಲ. ಯಂಗ್‌ತೆ ಹೋಗಿ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದ. ಮುದುಕ ನಿಂತು ಸುಧಾರಿಸಿಕೊಂಡು ಸತ್ತವರಿಗೆ ಸಲ್ಲುವ ಎರಡನೇ ನಮಸ್ಕಾರಕ್ಕೂ ಬಗ್ಗಿದ.

ಅವನಿಗೆ ಮೇಜಿನ ಬಳಿ ಜಾಗ ಮಾಡಿಕೊಟ್ಟು ಸುನಿಮ್ ಸಾರು ಬಡಿಸಿದಳು. ಬೊಂಗ್ ಹೊರಗೆ ಹೋದವನು ಹತ್ತೂವರೆಗೆ ವಾಪಸು ಬಂದ. ಕಣ್ಣು ಕೆಂಪಾಗಿತ್ತು. ಯಾರ ಜೊತೆಗೂ ಮಾತಾಡದೆ ಪೆಟ್ಟಿಗೆ ಹೊರುವವರಿಗೆಂದು ಇಟ್ಟಿದ್ದ ಬಿಳಿ ಕೈಗವಸು ಹಾಕಿಕೊಂಡ.

*

ಆರು ಜನ ಪೆಟ್ಟಿಗೆ ಹೊತ್ತು ಇಳಿಜಾರಿನಲ್ಲಿ ಬಂದರು. ಮುಂದೆ ಪಟ ಹಿಡಿದ ದಾಉನ್, ಹಿಂದೆ ಅಳುತ್ತ ಸುನಿಮ್. ಶವ ಒಯ್ಯುವ ಬಸ್ಸಿನ ಹೊಟ್ಟೆಯ ಬಾಗಿಲು ತೆರೆದು ಪೆಟ್ಟಿಗೆಯನ್ನು ಸೀಟುಗಳ ಕೆಳಗಿನ ಗೂಡಿಗೆ ಜಾರಿಸಿದರು. ಸಮುದ್ರದಿಂದ ಚಳಿಗಾಳಿ ಬೀಸುತ್ತಿತ್ತು. ತಾಕ್ ತುಸು ದೂರದಲ್ಲಿ ನಿಂತು ಹೇನಮ್ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಯಾರನ್ನೋ ಕೇಳುತ್ತಿದ್ದ.

"ಹತ್ತಿ ಸಾರ್," ಅಂದ ಬೊಂಗ್, ಮುಖ ನೋಡದೆ.

"ನಾನು ಯಾಕೆ. ಮನೆಯೋರು ಹೋಗ್ತಾರೆ."

"ಮೆಟ್ಟಿಲು ಎತ್ತರ ಇದೆ. ಕೋಲು ಇಲ್ಲಿ ಕೊಡಿ."

ಬಸ್ಸು ಹೊರಟಿತು. ದಾಉನ್ ಮೊದಲ ಸಾಲಿನಲ್ಲಿ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಮ್ಮ ಅವಳ ಭುಜಕ್ಕೆ ಒರಗಿ ಸುಸ್ತಿಗೆ ಕಣ್ಣು ಮುಚ್ಚಿದಳು. ಬಂದರು ದಾಟಿ, ಹರಾಜು ಕಟ್ಟೆ ದಾಟಿ, ನದಿ ಸಮುದ್ರ ಸೇರುವಲ್ಲಿನ ಉದ್ದನೆಯ ಅಣೆಕಟ್ಟಿನ ರಸ್ತೆಗೆ ಬಸ್ಸು ಬಂತು. ಆಮೇಲೆ ಹಿಂದಿನ ಸಾಲುಗಳಿಂದ ಬೊಂಗ್‌ನ ಗೊಗ್ಗರು ದನಿ ಕೇಳಿತು.

"ಸಾರ್. ಚಾ ಮುಗ್ಯೊಲ್‌ನ ನೀವು ನೋಡಿದೀರಾ?"

"ಟೀವೀಲಿ ನೋಡಿದೀನಿ."

"ಹೇಗೆ?"

"ಎರಡು ವರ್ಷ ಎಸೀತಾನೆ. ನಾಲ್ಕು ಕಷ್ಟ."

"ನಾನು ಹೇಳ್ಲಿಲ್ವಾ?" ಅಂದ ಯಂಗ್‌ತೆ.

"ನೀನು ಸುಮ್ನಿರೋ. ಯಾಕೆ ಕಷ್ಟ ಸಾರ್?"

"ಎದೆ ಬೇಗ ತೆರೀತಾನೆ. ಎದೆ ಮುಂದೆ ಹೋಗ್ಬಿಟ್ರೆ ಕೈ ಹಿಂದೆ ಉಳಿಯತ್ತೆ, ಭಾರ ಎಲ್ಲ ಮೊಣಕೈ ಮೇಲೆ. ಕಾಲು ನೆಲಕ್ಕೆ ತಾಗೋ ಹೊತ್ತಿಗೆ ಮೊಣಕೈ ಇಲ್ಲಿರ್ಬೇಕು. ನೋಡಿ, ಭುಜದ ಮಟ್ಟಕ್ಕೆ."

"ಇಲ್ಲಿಗಾ?"

"ಇನ್ನೂ ಸ್ವಲ್ಪ ಮೇಲೆ."

"ಅವನದ್ದು ಅಲ್ಲೇ ಇರತ್ತೆ ಸಾರ್. ದೊಕ್‌ಸು, ನೀನು ಕ್ಯಾಚರ್, ನೀನು ಹೇಳು."

"ನನ್ನನ್ನ ಕೇಳ್ಬೇಡಿ," ಅಂದ ದೊಕ್‌ಸು. ಯಾರೋ ನಕ್ಕರು. ನಕ್ಕದ್ದು ಅವನೇ ಇರಬೇಕು. "ಆದ್ರೂ ಇಲ್ಲಿ ಅಂತ ಕಾಣತ್ತೆ."

ದಾಉನ್ ತಿರುಗಿ ನೋಡಿದಳು. ಕಪ್ಪು ಕೋಟಿನ ನಾಲ್ವರು ಮುದುಕರು ಅಕ್ಕಪಕ್ಕದ ಸೀಟುಗಳಲ್ಲಿ ಬಲಗೈಗಳನ್ನು ಭುಜದ ಮಟ್ಟಕ್ಕೆ ಎತ್ತಿ, ಮೊಣಕೈ ಬಗ್ಗಿಸಿ, ಒಬ್ಬರ ಕೈ ಒಬ್ಬರು ನೋಡುತ್ತ ಕೂತಿದ್ದರು. ಡ್ರೈವರ್ ಕನ್ನಡಿಯಲ್ಲಿ ಆ ಎತ್ತಿದ ಕೈಗಳನ್ನು ಕಂಡು, ಏನೋ ಬೇಕಾಗಿದೆ ಅಂದುಕೊಂಡು ಬಸ್ಸನ್ನು ನಿಧಾನ ಮಾಡಿದ.

"ನಿಲ್ಲಿಸ್ಬೇಕಾ?"

"ಬೇಡ," ಅಂದಳು ದಾಉನ್. "ಹೋಗ್ಲಿ."

ಬಸ್ಸು ಮತ್ತೆ ವೇಗ ಹಿಡಿಯಿತು. ಎರಡೂ ಕಡೆ ನೀರು ಹೊಳೆಯುತ್ತಿತ್ತು. ಹಿಂದೆ ಯಾರೂ ಕೈ ಇಳಿಸಿರಲಿಲ್ಲ.